ಬೋಗಾದಿಯ ಮೆಸ್ಸಿನಲ್ಲಿ ಉಣ್ಣದೆ ಬಂದದ್ದು

ಹೆಪಟೈಟಿಸ್ ಬಿ ಇರುವವರಿಗೆಂದೇ ನನ್ನ ಬಳಿ ಒಂದು ಭಾಷಣವಿದೆ. ವಿದ್ಯಾರಣ್ಯಪುರಂನ ನನ್ನ ಕ್ಲಿನಿಕ್ಕಿನಲ್ಲಿ ಅದನ್ನು ಎಷ್ಟು ಸಲ ಒಪ್ಪಿಸಿದ್ದೇನೋ, ಹೊರಗೆ ಕೂರುವ ಸಿಸ್ಟರಿಗೂ ಬಾಯಿಪಾಠವಾಗಿದೆ. ಇದು ರಕ್ತದಿಂದ ಹರಡುತ್ತದೆ, ಗಂಡಹೆಂಡಿರ ನಡುವೆ ಹರಡಬಹುದು, ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ಬರಬಹುದು. ಊಟದಿಂದ ಬರುವುದಿಲ್ಲ, ತಟ್ಟೆ ಲೋಟ ಬೇರೆ ಇಡಬೇಡಿ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ಇಲ್ಲದವರಿಗೆ ಲಸಿಕೆ ಹಾಕಿಸಿ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಆದರೆ ಬೇಕಾದವರು ದಿನಾ ನುಂಗಬೇಕು. ಚೆನ್ನಾಗಿದ್ದೇನೆಂದು ನೀವೇ ನಿಲ್ಲಿಸಿದರೆ ಕಾಯಿಲೆ ಮತ್ತೆ ಕೆರಳಬಹುದು. ಕಾಮಾಲೆಗೆಂದು ಯಾರೋ ಕೊಟ್ಟ ಸೊಪ್ಪಿನ ರಸ ಕುಡಿಯಬೇಡಿ ಎಂದು ಕೊನೆಗೊಂದು ಗದರಿಕೆಯೂ ಉಂಟು. ಗದರುವುದು ನನಗೆ ಸಲೀಸಾಗಿ ಬರುತ್ತದೆ.

ಈ ಭಾಷಣವನ್ನು ಪೂರ್ತಿ ನಂಬಿದ ರೋಗಿ ನಾನು ಕಂಡಂತೆ ಒಬ್ಬರೇ. ಬೋಗಾದಿಯಲ್ಲಿ ವಿದ್ಯಾರ್ಥಿಗಳು ಉಣ್ಣುವ ಒಂದು ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು, ಐವತ್ತರ ಆಸುಪಾಸು. ಗರ್ಭಕೋಶದ ಆಪರೇಷನ್ನಿಗೆ ಮುಂಚೆ ಮಾಡಿದ ರಕ್ತಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾಗಿ ನನ್ನಲ್ಲಿಗೆ ಬಂದವರು. ಲಿವರ್ ಆಗಲೇ ಗಟ್ಟಿಯಾಗಲು ಶುರುವಾಗಿದ್ದರಿಂದ ಮಾತ್ರೆ ಬರೆದುಕೊಟ್ಟೆ. ಮನೆಯವರನ್ನೆಲ್ಲ ಕರೆತಂದು ಪರೀಕ್ಷೆ ಮಾಡಿಸಿದರು. ಕ್ರಮೇಣ ಅವರ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯಿತು. ಇಂಥ ರಿಪೋರ್ಟು ಬಂದ ದಿನ ನನ್ನಂಥ ಸಿಡುಕನೂ ಸಿಸ್ಟರ್ ಜೊತೆ ಎರಡು ಒಳ್ಳೆಯ ಮಾತಾಡುತ್ತಾನೆ.

ಆದರೆ ನಂಬಿದ್ದೇ ಅವರಿಗೆ ಮುಳುವಾಯಿತು. ಇದೇನು ದಿನಾ ಮಾತ್ರೆ ಎಂದು ಮೆಸ್ಸಿನ ಒಡತಿ ಕೇಳಿದಾಗ, ಊಟದಿಂದ ಹರಡದ ಕಾಯಿಲೆಯನ್ನು ಮುಚ್ಚಿಡುವುದೇಕೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮಾರನೆಯ ದಿನ ಕ್ಲಿನಿಕ್ಕಿಗೆ ಬಂದು ನಿಂತರು.

"ಸಾ, ಬ್ಯಾರೆಯವ್ರು ಸಿಗೋಗಂಟ ಇರು, ಆಮೇಲೆ ಬರಬ್ಯಾಡ ಅಂತವ್ರೆ. ನೀವೊಂದ್ಸಲ ಬಂದು ಹೇಳ್ಬುಡಿ. ನಿಮ್ಮ ಮಾತಾದ್ರೆ ಕೇಳ್ತರೆ."

ಭಾನುವಾರ ಮಧ್ಯಾಹ್ನ ಹೋದೆ. ಸ್ವಲ್ಪ ಜಂಬದಿಂದಲೇ ಹೋದೆ ಎನ್ನಬೇಕು. ಒಡತಿ ಕೆಟ್ಟವರಲ್ಲ, ಕುರ್ಚಿ ಹಾಕಿ ಕೂರಿಸಿ, ನನ್ನ ಭಾಷಣವನ್ನು ಪೂರ್ತಿ ಕೇಳಿದರು. ಈಳಿಗೆಮಣೆಯಲ್ಲಿ ಕೈ ಕೊಯ್ದುಕೊಂಡರೆ ಏನು ಗತಿ ಎಂದರು. ಗಾಯಕ್ಕೆ ಪಟ್ಟಿ ಕಟ್ಟಿ, ರಕ್ತ ತಾಗಿದ ತರಕಾರಿ ಬಿಸಾಡಿ, ಯಾರೇ ಅಡುಗೆ ಮಾಡಿದರೂ ಮಾಡಬೇಕಾದ್ದು ಅದೇ ಎಂದೆ. ಅವರ ಮುಖದ ಬಿಗಿ ಸಡಿಲವಾಯಿತು.

"ಹಂಗಾರೆ ಸರಿ ಬುಡಿ ಡಾಕ್ಟ್ರೇ, ನೀವೇ ಹೇಳಿದ್ಮೇಲೆ ಇನ್ನೇನು. ಬಸ್ಸಾರು ಮುದ್ದೆ ಆಗೈತೆ, ಇವತ್ತೂ ಅವರೇ ಮಾಡವ್ರೆ. ಉಂಡ್ಕೊಂಡೇ ಹೋಗಿ."

ಅಡುಗೆಮನೆಯ ಬಾಗಿಲಲ್ಲಿ ನನ್ನ ರೋಗಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು.

"ಅಯ್ಯೋ ಬೇಡಮ್ಮ, ಈಗ್ತಾನೆ ಊಟ ಆಯ್ತು" ಎಂದೆ.

ಆಗಿರಲಿಲ್ಲ. ನಮ್ಮ ಕಡೆ ಯಾರಾದರೂ ಊಟಕ್ಕೆ ಕರೆದರೆ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ. ಅವರು ಮತ್ತೊಮ್ಮೆ ಬಲವಂತ ಮಾಡಬೇಕು, ನಾವು ಸ್ವಲ್ಪ ಸಾಕು ಎನ್ನುತ್ತ ಕೈ ತೊಳೆಯಲು ಏಳಬೇಕು. ಕರೆದ ತಕ್ಷಣ ಕೂತುಬಿಡುವವನು ಹೊಟ್ಟೆಬಾಕ ಎಂದು ನನ್ನಮ್ಮ ಕಲಿಸಿದ್ದು. ನಾನು ಎರಡನೆಯ ಕರೆಗೆ ಕಾದೆ. ಒಡತಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. "ಆಯ್ತು ಬುಡಿ" ಎಂದರು. ಆಗಲಾದರೂ ನಾಚಿಕೆ ಬಿಟ್ಟು, ಬಡಿಸಿ, ಉಣ್ಣುತ್ತೇನೆ ಎನ್ನಬಹುದಿತ್ತು. ಸ್ಕೂಟರ್ ಹತ್ತಿ ಮನೆಗೆ ಬಂದು, ಹಸಿದಿದ್ದೆನಾದ್ದರಿಂದ ಹೊಟ್ಟೆ ತುಂಬ ಉಂಡೆ.

ಆ ವಾರವೇ ಅವರ ಕೆಲಸ ಹೋಯಿತು. ಒಡತಿಗೆ ಫೋನ್ ಮಾಡಿದೆ. ಬೇರೆಯವರು ಬಂದುಬಿಟ್ಟಿದ್ದಾರೆ ಎಂದರು. ಮರ್ಯಾದೆಗೆ ಅಂದ ಮಾತು ಹೀಗಾಯಿತಲ್ಲ ಎಂದು ಹೆಂಡತಿಯ ಹತ್ತಿರ ಗೊಣಗಿದೆ. ಬರೀ ಮರ್ಯಾದೆಗೇ ಅಂದದ್ದೇ? ಬೇರೆ ಯಾರ ಕೈಯ ಬಸ್ಸಾರಾಗಿದ್ದರೂ ಎರಡನೆಯ ಕರೆಗೆ ಕಾಯುತ್ತಿದ್ದೆನೇ? ಗೊತ್ತಿಲ್ಲ. ಎಷ್ಟು ಕೆದಕಿದರೂ ಗೊತ್ತಾಗುವುದಿಲ್ಲ, ಅದೇ ನನ್ನನ್ನು ತಿನ್ನುತ್ತಿದೆ.

ಮೊನ್ನೆ ಅವರು ಪರೀಕ್ಷೆಗೆ ಬಂದಿದ್ದರು. ರಿಪೋರ್ಟು ಚೆನ್ನಾಗಿಯೇ ಇತ್ತು. ನನ್ನಿಂದ ನಿಮ್ಮ ಕೆಲಸ ಹೋಯಿತು, ತಪ್ಪಾಯಿತು ಎಂದೆ.

"ಹೋಗ್ಲಿ ಬುಡಿ ಸಾ. ಈಗ ಒಂದು ಛತ್ರದಲ್ಲಿ ಕಸ ಗುಡಿಸಾಕೋಯ್ತೀನಿ."

ಮಾತು ತೇಲಿಸಲು ಮನೆಯ ಸುದ್ದಿ ಕೇಳಿದೆ. ಮಗಳು ಜೊತೆಯಲ್ಲೇ ಇದ್ದಾಳೆ, ಮೊಮ್ಮಗಳಿಗೆ ಎರಡು ತುಂಬಿತು ಎಂದರು.

"ಮುಂಚೆ ಅನ್ನ ಕಲಸಿ ನಾನೇ ತಿನ್ನಿಸ್ತಿದ್ದೆ ಸಾ. ಈಗ ಅವ್ರವ್ವನೇ ತಿನ್ನಿಸ್ಲಿ ಅಂತ ಬುಟ್ಬುಟ್ಟಿವ್ನಿ. ನನ್ ತಟ್ಟೆ ಲೋಟನೂ ಬ್ಯಾರೆ ಮಡಿಕಂಡಿವ್ನಿ."

ನಾನು ಗದರಿದೆ. ಮಗುವಿಗೆ ಲಸಿಕೆ ಬೇರೆ ಆಗಿದೆ, ಊಟದಿಂದ ಬರುವುದಿಲ್ಲ ಎಂದು ಬಡಕೊಂಡಿಲ್ಲವೇ ಎಂದು ಕೇಳಿದೆ.

"ಹೇಳಿದ್ರಿ ಸಾ" ಎಂದರು, ನನಗೆ ನೋವಾಗಬಾರದು ಎಂಬಂತೆ ಮೆಲ್ಲಗೆ. "ಆದ್ರೆ ನೀವೇ ಉಣ್ನಿಲ್ವಲ್ಲ."

ಓದಿ ಮುಗಿಸಿದ್ದ ರಿಪೋರ್ಟನ್ನೇ ನಾನು ಮತ್ತೆ ತಿರುವಿದ್ದನ್ನು ನೋಡಿ ಅವರಿಗೇ ಕೆಡುಕೆನಿಸಿರಬೇಕು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಿಲ್ಲ ಎಂದು ಸಮಾಧಾನ ಹೇಳಿದರು.