ಸ್ಪಾರ್ಕ್ ನೋಡಲು ಇಬ್ಬರು ಬೇಕು

ಆಯುಧಪೂಜೆಯ ಮರುದಿನ ಬೆಳಿಗ್ಗೆ ತಮಿಳುನಾಡಿನ ಪಲ್ಲಡಂನ ನಮ್ಮ ಮನೆಯ ಮುಂದೆ ನನ್ನ ಹಳೆಯ ಕಾರು ಸ್ಟಾರ್ಟ್ ಆಗಲಿಲ್ಲ. ಮಡತ್ತುಕುಳಂನಲ್ಲಿ ಅಕ್ಕ ಕಾಯುತ್ತಿದ್ದಳು. ನನ್ನ ಹೆಂಡತಿ ತೀರಿಹೋದ ಮೇಲೆ ಅದು ಮೊದಲ ಹಬ್ಬ. ನಾಲ್ಕು ದಿನ ನನ್ನ ಮನೆಗೆ ಬಂದಿರಲು ಅಕ್ಕ ಹೇಗೋ ಒಪ್ಪಿದ್ದಳು. ಬಸ್ಸು ಹತ್ತಲು ಅವಳ ಮಂಡಿ ಬಿಡದು. ಬಾಡಿಗೆ ಕಾರಿನ ಏಸಿ ವಾಸನೆಗೆ ವಾಂತಿ. ಈ ಗಾಡಿ ಹೊರಡದಿದ್ದರೆ ಅವಳು ಬರುವುದಿಲ್ಲ, ಅಷ್ಟೆ.

ಅವಳೇ ಫೋನ್ ಮಾಡಿದಳು.

"ಹೊರಟ್ಯೇನೋ ತಮ್ಮ?"

"ಗಾಡಿ ಯಾಕೋ ಮೊಂಡು ಹಿಡಿದದೆ, ಅಕ್ಕ."

"ನಿನ್ನ ಮಾದ್ರಿ ಅದ್ಕೂ ವಯಸಾಯ್ತು. ಬಿಟ್ಬಿಡು, ಪೊಂಗಲ್‌ಗೆ ಬತ್ತೀನಿ."

"ಪೊಂಗಲ್ ಎಲ್ಲಾ ಬ್ಯಾಡ. ಮಧ್ಯಾಹ್ನದೊಳಗೆ ಬತ್ತೀನಿ, ನೀನು ಚೀಲ ಕಟ್ಟು."

ಪೂಜೆ ಮುಗಿಸಿ ವರ್ಕ್‌ಶಾಪುಗಳೆಲ್ಲ ಬಾಗಿಲು ಹಾಕಿದ್ದವು. ಬೀದಿಯವರು ರಜೆಗೆ ಊರಿಗೆ ಹೋಗಿದ್ದರು. ದೇವರ ಮುಂದಿಟ್ಟಿದ್ದ ಸ್ಪ್ಯಾನರುಗಳನ್ನು ಗಂಧ ಕುಂಕುಮದ ಸಮೇತ ಎತ್ತಿಕೊಂಡು ಬಂದೆ.

ಹಳೆಯ ಕಾರು ಇಟ್ಟುಕೊಂಡವರಿಗೆ ಒಂದು ಮಾತು ಹೇಳುತ್ತೇನೆ. ಸ್ಟಾರ್ಟ್ ಆಗದಿದ್ದರೆ ಸುಮ್ಮನೆ ಸೆಲ್ಫ್ ಹೊಡೆಯುತ್ತ ಕೂರಬೇಡಿ, ಇರುವ ಬ್ಯಾಟರಿಯೂ ಕೂತುಬಿಡುತ್ತದೆ. ಇಂಜಿನ್ ಜೋರಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ಬಯ್ಯಬೇಡಿ. ಕಾರ್ಬುರೇಟರಿಗೆ ಪೆಟ್ರೋಲ್ ಬರುತ್ತಿದೆಯೇ ನೋಡಿ. ನನ್ನದರಲ್ಲಿ ಎರಡೂ ಸರಿಯಿದ್ದವು. ಉಳಿದದ್ದು ಸ್ಪಾರ್ಕ್.

ಸ್ಪಾರ್ಕ್ ನೋಡಲು ಮಾತ್ರ ಇಬ್ಬರು ಬೇಕು. ಪ್ಲಗ್ ಬಿಚ್ಚಿ, ಅದರ ವೈರಿಗೇ ಸಿಕ್ಕಿಸಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಒಬ್ಬರು ನೋಡುತ್ತಿರಬೇಕು. ಇನ್ನೊಬ್ಬರು ಒಳಗೆ ಕೂತು ಕೀ ತಿರುಗಿಸಬೇಕು. ನಮ್ಮಲ್ಲಿ ಕೀ ಯಾವಾಗಲೂ ಹೆಂಡತಿಯದಾಗಿತ್ತು. ಬಾನೆಟ್ಟಿನ ಆಚೆಯಿಂದ ದನಿ ಮಾತ್ರ ಬರುತ್ತಿತ್ತು: "ಬಂತಾ? ಬರ್ಲಿಲ್ವಾ? ಬೇಗ ಹೇಳಿ, ಒಲೆ ಮೇಲೆ ಅನ್ನ ಸೀದೋಗ್ತದೆ!"

ಹಳೆಯ ಮಗ್ಗದ ಸಾಮಾನು ಕೊಂಡು ಮಾರಿ ಮೇಲೆ ಬಂದವನು ನಾನು. ಆಳಿಲ್ಲವೆಂದು ಕೆಲಸ ನಿಲ್ಲಿಸಿದವನಲ್ಲ. ಮೊಬೈಲನ್ನು ಪ್ಲಗ್ಗಿನ ಎದುರು ಒರಗಿಸಿ ವಿಡಿಯೊ ಹಾಕಿದೆ. ಒಳಗೆ ಹೋಗಿ ಕೀ ತಿರುಗಿಸಿ, ಇಳಿದು ಬಂದು ನೋಡಿದೆ. ಪ್ಲಗ್ಗಿನ ತುದಿಯಲ್ಲಿ ಏನೂ ಇರಲಿಲ್ಲ. ಇಂಜಿನ್ನಿನ ಸದ್ದಿನ ನಡುವೆ ನನ್ನದೇ ದನಿ ಕೇಳಿತು: "ಬಂತಾ?"

ಹಾಗೆ ಕೂಗಿದ್ದು ನನಗೆ ಗೊತ್ತೇ ಇರಲಿಲ್ಲ. ಹಗಲೆಲ್ಲ ಪೇಟೆಯಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡಿ ಬಂದರೆ, ಸಂಜೆ ಕನ್ನಡವಾಡಲು ಮನೆಯಲ್ಲಿ ಈಗ ಯಾರೂ ಇಲ್ಲ. ವಿಡಿಯೊ ಇನ್ನೊಮ್ಮೆ ನೋಡಿದೆ. ಸ್ಪಾರ್ಕಿಗಾಗಿ ನೋಡಿದೆ ಎಂದುಕೊಳ್ಳಿ.

ಆಮೇಲೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಒಳಗೆಲ್ಲ ನೀರಿನ ಹನಿ. ಪೂಜೆಗೆಂದು ಹಿಂದಿನ ದಿನ ಬಾನೆಟ್ ಎತ್ತಿ, ಪೈಪು ಹಿಡಿದು ಇಂಜಿನ್ ತೊಳೆದಿದ್ದೆ. ಆ ಮುಚ್ಚಳಕ್ಕೂ ಗಂಧ ಬಳಿದಿದ್ದೆ. ಪ್ರತಿ ವರ್ಷವೂ ತೊಳೆಯುತ್ತೇನೆ. ಪ್ರತಿ ವರ್ಷವೂ ನಾನು ಪೈಪು ಎಳೆದು ತರುವಷ್ಟರಲ್ಲಿ ಅವಳು ನೀರು ತಾಗದಂತೆ ಅದಕ್ಕೊಂದು ಬನಿಯನ್ ಬರುವ ಪ್ಲಾಸ್ಟಿಕ್ ಕವರು ಹಾಕಿ ದಾರ ಬಿಗಿದಿರುತ್ತಿದ್ದಳು. ಅದೂ ಒಂದು ಕೆಲಸವೆಂದು ನಾನು ಎಣಿಸಿರಲಿಲ್ಲ.

ಬಟ್ಟೆಯಿಂದ ಒರೆಸಿ, ಮುಚ್ಚಳವನ್ನು ಬಿಸಿಲಿಗಿಟ್ಟು, ಪಕ್ಕದಲ್ಲೇ ಕೂತೆ. ಒಣಗಿದ ಮೇಲೆ ಎಲ್ಲ ಜೋಡಿಸಿ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಗಾಡಿ ಎದ್ದಿತು. ಹೇಳಲು ಯಾರೂ ಇಲ್ಲದೆ ಅಕ್ಕನಿಗೆ ಫೋನ್ ಮಾಡಿ, ಇಂಜಿನ್ನಿನ ಸದ್ದನ್ನೇ ಕೇಳಿಸಿದೆ.

ಮಡತ್ತುಕುಳಂ ಸೇರಿದಾಗ ಊಟದ ಹೊತ್ತು ಮೀರಿತ್ತು. ಅಕ್ಕ ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿದ್ದ ಚೀಲ ತೀರಾ ಸಣ್ಣದು.

"ಎಲ್ಡೇ ದಿನ ಕಣೋ. ಅಪ್ಪುರಂ ಮೂರ್ನೇ ದಿನ ನನ್ನ ತಂದು ಇಲ್ಲೇ ಬಿಟ್ಬಿಡ್ಬೇಕು. ನನ್ನ ಎಮ್ಮೆ ಬೇರೆಯವ್ರಿಗೆ ಹಾಲು ಕೊಡಲ್ಲ."

ಮೊದಲು ಹೇಳಿದ ಬೆಲೆಗೆ ನಾನು ಒಂದು ಬೋಲ್ಟನ್ನೂ ಕೊಂಡವನಲ್ಲ. ಉಳಿದೆರಡು ದಿನದ ಚೌಕಾಸಿ ದಾರಿಯಲ್ಲಿ ಆದೀತು; "ಸರಿ ಅಕ್ಕ" ಎಂದು ಚೀಲ ಎತ್ತಿ ಹಿಂದಿನ ಸೀಟಿನಲ್ಲಿಟ್ಟೆ.