ಖಾಲಿ ಕಳಿಸಬಾರದ ಬುಟ್ಟಿ

ಸಜ್ಜೆ ರೊಟ್ಟಿಗೆ ಎಳ್ಳು ಉದುರಿಸಿ ತಟ್ಟುತ್ತಿದ್ದೆ. ಮರುದಿನ ರೊಟ್ಟಿ ಹಬ್ಬ, ಅಂದರೆ ನಾಗರಪಂಚಮಿಯ ಹಿಂದಿನ ದಿನ. ಪಂಚಾಯ್ತಿಯಲ್ಲಿ ಶಾಂತಿ ಸಭೆ ಮುಗಿಸಿಕೊಂಡು ಬಂದ ಯಜಮಾನರು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರು.

"ಎಲ್ಲಾ ಬಗಿಹರೀತು. ಎರಡ ತಿಂಗಳ ನಮ್ಮವ್ರು ಕೆಳಗಿನ ಓಣಿಗಿ ಹೋಗಂಗಿಲ್ಲ, ಅವ್ರು ಇಲ್ಲಿ ಬರಂಗಿಲ್ಲ."

ಬ್ಯಾನರ್ ಕಟ್ಟುವ ಜಾಗಕ್ಕಾಗಿ ಎರಡು ಓಣಿಯ ಹುಡುಗರು ಕಲ್ಲು ತೂರಿಕೊಂಡಿದ್ದರು. ಅಂದಿನಿಂದ ಮಗಳು ಕಾಲೇಜಿಗೆ ಹೋಗಿರಲಿಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಕಾಲೇಜು ಬಿಡಿಸಿ ಗಂಡು ನೋಡಿರೆಂದು ನಾದಿನಿ ಆಗಲೇ ಫೋನು ಮಾಡಿದ್ದಳು.

"ಕಾಲೇಜಿಗೆ ಹೋಗೂ ಯರಗಟ್ಟಿ ಬಸ್ ನಿಲ್ಲೂದು ಕೆಳಗಿನ ಓಣ್ಯಾಗ. ಮಗಳು ಹೆಂಗ ಹೋಗ್ಬೇಕ್ರಿ?"

"ಅದನ್ನ ಯಾರೂ ಕೇಳಲಿಲ್ಲ."

"ಕೇಳವ್ರನ್ನ ಕರದಿದ್ರ ಕೇಳ್ತಿದ್ರು."

ಅವರು ಬೈಯಲಿಲ್ಲ, ಅದೂ ಸಿರಸಂಗಿ ಕಾಳವ್ವನ ಕೃಪೆಯೇ.

ಹಂಚಿನ ಮೇಲಿನ ರೊಟ್ಟಿ ಇಳಿಸಿ ಕೆಳಗಿನ ಓಣಿಯ ಗೆಳತಿಗೆ ಫೋನು ಹಚ್ಚಿದೆ. ಮದುವೆಯಾಗಿ ಬಂದ ವರ್ಷದಿಂದ ಈ ಹಬ್ಬಕ್ಕೆ ಅವಳ ಮನೆಗೆ ನಾನು, ನಮ್ಮ ಮನೆಗೆ ಅವಳು ರೊಟ್ಟಿ ಬೀರುತ್ತ ಬಂದವರು. ಒಂದು ವರ್ಷ ಬೀರದಿದ್ದರೆ ಸಂಬಂಧ ಹರಿಯಿತು ಅನ್ನುತ್ತಾರೆ. ಈ ಸಲ ಹೆಂಗ ಮಾಡೂದು ಎಂದು ಕೇಳಿದೆ.

"ನಾನೂ ಅದನ್ನ ವಿಚಾರ ಮಾಡಾಕತ್ತೇನಿ ಅಕ್ಕಾ," ಅಂದಳು. "ಗಿರಣಿ ನಿಮ್ಮ ಓಣ್ಯಾಗ ಐತಿ. ನಾಡಿದ್ದ ಹಿಟ್ಟ ತೀರತೈತಿ. ಶಾಂತಿ ಆದ ಮ್ಯಾಲೆ ಉಪಾಸ ಬೀಳೂದು ನೋಡು ನಮ್ಮ ಹಣೇಬರಾ."

"ನಾಳೆ ರೊಟ್ಟಿ ತಗೊಂಡು ಪಂಚಾಯ್ತಿ ಕಟ್ಟಿಗಿ ಬಾ. ಅದು ನಮ್ಮ ಓಣಿನೂ ಅಲ್ಲ, ನಿಮ್ಮ ಓಣಿನೂ ಅಲ್ಲ. ಇದ್ದವರನ್ನೆಲ್ಲ ಕರಕೊಂಡು ಬಾ."

ಮರುದಿನ ಶ್ರಾವಣದ ಮಳೆ ಬಿಡುವು ಕೊಟ್ಟಿತ್ತು. ಎರಡೂ ಕಡೆಯ ಹೆಂಗಸರು ಬುಟ್ಟಿ ಹೊತ್ತು ಬಂದು ಕಟ್ಟೆಯ ಮೇಲೆ ಕುಳಿತೆವು. ಬಂದೋಬಸ್ತಿಗೆ ಬಂದಿದ್ದ ಪೊಲೀಸ್ ಸಾಹೇಬರು ಒಳಗಿನಿಂದ ಎದ್ದು ಬಂದರು. ಅವರ ಜೊತೆಗಿದ್ದ ಹಿರಿಯರೊಬ್ಬರು ನಕ್ಕರು.

"ಅಡಗಿಮನಿ ಬಿಟ್ಟು ಪಂಚಾಯ್ತಿಗೆ ಬಂದ್ರೇನಬೇ ಎಲ್ಲಾರೂ?"

"ಬಿಟ್ಟಿಲ್ಲ ಕಾಕಾ, ಹೊತಗೊಂಡ ಬಂದೇವಿ," ಅಂದಳು ಗೆಳತಿ. "ತಿನ್ರಿ. ಹಲ್ಲ ಇದ್ರ."

ಬಾಗಿಲಲ್ಲಿ ನಿಂತಿದ್ದ ಹವಾಲ್ದಾರರು ನಗು ತಡೆಯಲು ಅತ್ತ ತಿರುಗಿದರು. ನಾನು ಬುಟ್ಟಿಯನ್ನು ಸಾಹೇಬರ ಮುಂದಿಟ್ಟೆ. ಹಿಂದೆ ಸರಿಯುವ ಮನಸ್ಸಿರಲಿಲ್ಲ.

"ನಮ್ಮ ಕಡೆ ಬೀರಿದ ಬುಟ್ಟಿ ಖಾಲಿ ಕಳಸಬಾರ್ದ್ರಿ ಸಾಹೇಬ್ರ. ಏನರ ಹಾಕಿ ಕೊಡಬೇಕು. ನಮಗ ಬಸ್ಸಿನ ದಾರಿ ಕೊಡ್ರಿ, ಅವ್ರಿಗೆ ಗಿರಣಿ ದಾರಿ ಕೊಡ್ರಿ."

"ಮತ್ತ ಯಾರರ ಕಲ್ಲ ಒಗದ್ರ, ತಾಯಿ?"

"ಎರಡೂ ಓಣಿ ತಾಯಂದಿರು ಹುಡಿಗ್ಯಾರ ಕೂಡ ನಡೀತೇವ್ರಿ. ತಮ್ಮ ಅವ್ವನ ಮ್ಯಾಲೆ ಯಾವಂವ ಒಗೀತಾನ ನೋಡೂಣು."

ಸಾಹೇಬರು ಹಿರಿಯರ ಮುಖ ನೋಡಿದರು. ಬಹಳ ಹೊತ್ತು ಒಳಗೆ ಮಾತಾಯಿತು. ಗಂಡಸರಿಗೆ ಹಾಕಿದ ನಿರ್ಬಂಧ ಹಾಗೇ ಉಳಿಯಿತು. ಹೆಂಗಸರಿಗೂ ಮಕ್ಕಳಿಗೂ ದಾರಿ ಬಿಟ್ಟರು.

"ಮುಂದಿನ ಸಭಾಕ್ಕ ಓಣಿಗೆ ಇಬ್ಬರು ಹೆಣ್ಮಕ್ಕಳು ಬಂದು ಕುಂದರ್ರಿ," ಅಂದರು ಸಾಹೇಬರು.

"ಬರೇ ಕುಂದ್ರಾಕೇನ್ರಿ, ಮಾತಾಡಾಕೇನ್ರಿ?" ಅಂದೆ ನಾನು.

"ಮಾತಾಡಾಕ," ಅಂದು ಬುಟ್ಟಿಯಿಂದ ಒಂದು ರೊಟ್ಟಿ ಮುರಿದುಕೊಂಡರು.

ಹಬ್ಬ ಕಳೆದ ಮೇಲೆ ಮಗಳ ಜೊತೆ ಕೆಳಗಿನ ಓಣಿಯಲ್ಲಿ ನಡೆದೆ. ಒಂದು ಮನೆಯ ಬಾಗಿಲು ನಮ್ಮನ್ನು ಕಂಡು ಮುಚ್ಚಿಕೊಂಡಿತು. ಮುಂದಿನ ಮನೆಯಿಂದ ಗೆಳತಿ ಜೋಳದ ಡಬ್ಬಿ ಹೊತ್ತು ಹೊರಬಂದು ನಮ್ಮ ಜೊತೆ ಹೆಜ್ಜೆ ಹಾಕಿದಳು. ಒಂದು ಮುಚ್ಚಿದರೆ ಒಂದು ತೆರೆಸುತ್ತಾನೆ ಶಿವ. ಬಸ್ಸು ಬಂತು, ಮಗಳು ಹತ್ತಿದಳು, ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಗೆಳತಿಯನ್ನು ಗಿರಣಿಯವರೆಗೆ ಬಿಟ್ಟೆ. ನಮ್ಮ ಮನೆಯ ಹಿಟ್ಟೂ ಮುಗಿಯುತ್ತ ಬಂದಿತ್ತು. ಮನೆಗೆ ಬಂದು ಮೊರ ಎಳೆದುಕೊಂಡು ಜೋಳ ಹಸನು ಮಾಡಲು ಕುಳಿತೆ.