ಮನೆಯವರ ಹಿಂದೆ ರತನ್‌ಮಹಲ್ ಹತ್ತಿದ್ದು

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ವರ್ಷ ತುಂಬುವ ಮೊದಲೇ ನಮ್ಮ ಮನೆಯವರು ಗುಡ್ಡ ಹತ್ತುತ್ತೇನೆ ಎಂದರು. ಧಾರವಾಡ ಬಿಟ್ಟು ಬಂದ ನಾವು ಆಗ ವಡೋದರದ ಹತ್ತಿರ, ಕೊಯಾಲಿಯ ಟೌನ್‌ಶಿಪ್ಪಿನಲ್ಲಿದ್ದೆವು. ಅವರಿಗೆ ರಿಫೈನರಿಯಲ್ಲಿ ಕೆಲಸ, ನನಗೆ ಊರೊಳಗಿನ ಬ್ಯಾಂಕಿನಲ್ಲಿ. ಬೆಳಗಿನ ವಾಕಿಂಗಿನ ಗೆಳೆಯರು ಸೇರಿ ರತನ್‌ಮಹಲ್ ಕಾಡಿನಲ್ಲಿ ಇಡೀ ದಿನದ ನಡಿಗೆ ಇಟ್ಟುಕೊಂಡಿದ್ದರು. ನಿಧಾನವಾಗಿ ನಡೆದರೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ನನಗೆ ಡಾಕ್ಟರ ಮೇಲೆಯೇ ಸಿಟ್ಟು ಬಂತು.

"ನೀ ಬರೂದು ಬ್ಯಾಡ," ಎಂದರು ಮನೆಯವರು. "ನಿನಗ ಮೆಟ್ಟಲಾ ಹತ್ತೂದಂದ್ರ ಬ್ಯಾಸರ."

"ಬಂದ ಬರ್ತೀನ್ರಿ," ಎಂದೆ.

ನಸುಕಿನಲ್ಲಿ ಹೊರಟ ಮಿನಿಬಸ್ಸು ಬಿಸಿಲೇರುವ ಮುನ್ನ ನಮ್ಮನ್ನು ಗುಡ್ಡದ ಬುಡದಲ್ಲಿ ಇಳಿಸಿತು. ಚಳಿಗಾಲ ಮುಗಿಯುತ್ತ ಬಂದಿತ್ತು. ಸಾಗವಾನಿ ಎಲೆಗಳೆಲ್ಲ ಉದುರಿ ದಾರಿಯ ತುಂಬ ಹಪ್ಪಳದಂತೆ ಒಣಗಿ ಬಿದ್ದಿದ್ದವು. ಮುತ್ತುಗದ ಮರಗಳು ಎಲೆಯಿಲ್ಲದೆ ಕೆಂಪಗೆ ಹೂ ಬಿಟ್ಟಿದ್ದವು. ಚೆಂದವಿತ್ತು ಅಂತ ಈಗ ಅನಿಸುತ್ತದೆ. ಅವತ್ತು ನಾನು ನೋಡಿದ್ದು ಅವರ ಬೆನ್ನನ್ನು, ಬೆವರಿಗೆ ಅಂಟಿಕೊಂಡ ಅಂಗಿಯನ್ನು, ಏರು ಬಂದಾಗ ಮೇಲೆ ಕೆಳಗೆ ಆಡುವ ಭುಜಗಳನ್ನು. ಸೊಂಟದ ಚೀಲದಲ್ಲಿ, ಎದೆನೋವು ಬಂದರೆ ನಾಲಿಗೆಯ ಕೆಳಗಿಡುವ ಗುಳಿಗೆ ಇಟ್ಟುಕೊಂಡಿದ್ದೆ. ಆಗಾಗ ಮುಟ್ಟಿ ನೋಡುತ್ತಿದ್ದೆ.

"ಸ್ವಲ್ಪ ಕುಂದರ್ರಿ."

"ಈಗರೆ ಕುಂತು ಎದ್ದೇವಲ್ಲ?"

"ನೀರರೆ ಕುಡೀರಿ."

"ಕುಡದ ಕುಡದ ಹೊಟ್ಟಿ ಕೊಡಪಾನ ಆಗೇದ. ನನ್ನ ಬಿಟ್ಟು ಅಡವಿ ನೋಡು ಮಾರಾಯ್ತಿ."

ನಾವು ಬೇನ್, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಗುಜರಾತಿ ಹೆಂಗಸು ನನ್ನ ಜೊತೆಗೇ ನಡೆಯುತ್ತಿದ್ದಳು. ನಮ್ಮ ಕನ್ನಡ ತಿಳಿಯದಿದ್ದರೂ ಜಗಳವೆಂದು ಅವಳಿಗೆ ತಿಳಿದಿತ್ತು. "ಜವಾ ದೋನೆ," ಎಂದಳು. ಹೋಗಲಿ ಬಿಡು ಅಂತ. ಬಿಡುವುದು ಹೇಗೆ ಎಂದು ಅವಳೂ ಹೇಳಲಿಲ್ಲ.

ಅವಳ ಬೂಟಿನ ದಾರ ಬಿಚ್ಚಿತು. ನಾವಿಬ್ಬರೂ ನಿಂತೆವು. ನಮ್ಮ ಜೊತೆ ಬಂದಿದ್ದ ಅರಣ್ಯ ಇಲಾಖೆಯ ಗೈಡು ಹಿಂದೆ ಉಳಿದವರನ್ನು ಕರೆತರಲು ಕೆಳಗೆ ಹೋಗಿದ್ದ. ತಲೆ ಎತ್ತಿ ನೋಡಿದರೆ ಮನೆಯವರು ದಾರಿಯ ತಿರುವು ದಾಟಿಹೋಗಿದ್ದರು. ಬೇನ್‌ಳನ್ನು ಅಲ್ಲೇ ಬಿಟ್ಟು ನಾನು ಬಿರಬಿರನೆ ಹತ್ತಿದೆ. ತಿರುವಿನಾಚೆ ದಾರಿ ನೆಟ್ಟಗೆ ಕಾಣುತ್ತಿತ್ತು. ಅವರಿರಲಿಲ್ಲ.

"ರೀ," ಎಂದೆ. ಉತ್ತರವಿಲ್ಲ. ಎರಡನೆಯ ಸಲ ಕೂಗಿದಾಗ ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

ಎಡಕ್ಕೆ ಬಿದಿರ ಮೆಳೆಯ ಸಂದಿಯಲ್ಲಿ ಅವರ ನೀಲಿ ಟೊಪ್ಪಿಗೆ ಕಂಡಿತು. ದಾರಿ ಬಿಟ್ಟು ನಾಲ್ಕು ಮಾರು ಒಳಗೆ ನಿಂತಿದ್ದರು. ಒಂದು ಕೈ ಎದೆಯ ಮೇಲಿತ್ತು. ಇನ್ನೊಂದು ಕೈಯನ್ನು ನನ್ನ ಕಡೆ ಎತ್ತಿದರು. ಬಾಯಿ ಅರ್ಧ ತೆರೆದಿತ್ತು, ಮಾತಿಲ್ಲ.

ಬಂತು ಅಂದುಕೊಂಡೆ. ಹತ್ತು ತಿಂಗಳಿಂದ ಕಾಯುತ್ತಿದ್ದದ್ದು ಬಂದೇಬಿಟ್ಟಿತು. ಚೀಲದಿಂದ ಗುಳಿಗೆ ಕಿತ್ತುಕೊಂಡು, ಒಣ ಎಲೆಗಳನ್ನು ಚರಚರ ತುಳಿಯುತ್ತ ಓಡಿದೆ. ಅವರು ಕೈಯನ್ನು ಇನ್ನೂ ಜೋರಾಗಿ ಆಡಿಸಿದರು. ನಾನು ಇನ್ನೂ ಜೋರಾಗಿ ಓಡಿದೆ.

ಅವರಿಂದ ಸ್ವಲ್ಪ ಕೆಳಗೆ, ಹುತ್ತಕ್ಕೆ ಮೂತಿ ಹಾಕಿ ಮಣ್ಣು ಊದುತ್ತಿದ್ದ ಕರಡಿ ತಲೆ ಎತ್ತಿತು.

ಮೂತಿಯ ತುಂಬ ಕೆಂಪು ಮಣ್ಣು. ಅದು ಹಿಂಗಾಲ ಮೇಲೆ ಎದ್ದು ನಿಂತಿತು, ಎದೆಯ ಬಿಳಿ ಗೆರೆ ಕಂಡಿತು. ಮನೆಯವರು ನನ್ನ ರಟ್ಟೆ ಹಿಡಿದು ಬೆನ್ನ ಹಿಂದೆ ಎಳೆದುಕೊಂಡರು. ಗಂಟಲಿನಲ್ಲೇ ಒಮ್ಮೆ ಗುರುಗುಟ್ಟಿದ ಕರಡಿ, ಏನನ್ನಿಸಿತೋ, ಮುಂಗಾಲೂರಿ ಹಳ್ಳದ ಕಡೆ ಓಡಿತು. ಎಲೆಗಳ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ನಾನು ಅಲ್ಲೇ ಕುಸಿದು ಕೂತೆ.

"ಬರಬ್ಯಾಡಂತ ಕೈ ಮಾಡಿದ್ರ ಓಡಿ ಬರ್ತೀಯಲ್ಲ, ಬುದ್ಧಿ ಅದ ಏನ್ ನಿನಗ?" ಎಂದರು ಮನೆಯವರು.

"ಎದಿ ಹಿಡ್ಕೊಂಡು ನಿಂತಿದ್ರಿ."

"ಕರಡಿ ಮುಂದ ನಿಂತಾವ ಎಲ್ಲಿ ಹಿಡ್ಕೋಬೇಕಿತ್ತು?" ಎಂದವರು ಪಕ್ಕದಲ್ಲಿ ಕೂತರು. ಆಮೇಲೆ ಮೆಲ್ಲಗೆ, "ಆಸ್ಪತ್ರಿಂದ ಬಂದಾಗಿಂದ ನೀ ನನ್ನ ಮಾರಿ ನೋಡಿಲ್ಲ. ಬರೇ ಎದಿ ನೋಡ್ತೀ. ನನಗ ಉಸರಾಡ್ಲಿಕ್ಕೂ ಸಂಕೋಚ ಆಗ್ತದ," ಎಂದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ನೀವು ಒಳಗ ಮಲಗಿದ್ರಿ. ಬಾಗಲಾ ನೋಡ್ಕೋತ ಹೊರಗ ಕುಂತಾಕಿ ನಾನು. ನಿಮಗೇನ್ ಗೊತ್ತು?"

ಅಷ್ಟರಲ್ಲಿ ಗೈಡು ಬಂದ; ಏನೋ ಸಪ್ಪಳ ಕೇಳಿ ಒಳಗೆ ಬಂದೆ ಎಂದು ಮನೆಯವರು ಹೇಳಿದರೂ, ದಾರಿ ಬಿಟ್ಟಿದ್ದಕ್ಕೆ ಇಬ್ಬರಿಗೂ ಚೆನ್ನಾಗಿ ಬೈದ.

ಗುಡ್ಡದ ಮೇಲೆ ಹಳೆಯ ಶಿವನ ಗುಡಿಯಿದೆ. ಕೊನೆಯ ಏರು ಕಡಿದು. ಇನ್ನು ಹತ್ತಲು ನನ್ನಿಂದ ಆಗುವುದಿಲ್ಲ ಎಂದೆ. ಅವರು ಏರಿನ ಕಡೆ ನೋಡಿದರು, ನನ್ನನ್ನು ನೋಡಿದರು. ಗುಳಿಗೆಯನ್ನು ಅವರ ಅಂಗಿಯ ಕಿಸೆಗೆ ಹಾಕಿ, "ಹೋಗಿ ಬರ್ರಿ," ಎಂದೆ.

ನಾನೂ ಬೇನ್‌ಳೂ ಏರಿನ ಬುಡದ ಬಂಡೆಯ ಮೇಲೆ ಉಳಿದೆವು. ಅವಳು ಮೆಂತ್ಯದ ಚಪಾತಿಯಂಥ ಥೇಪ್ಲಾ, ಮಾವಿನಕಾಯಿಯ ಸಿಹಿ ಉಪ್ಪಿನಕಾಯಿ ಛುಂದೋ ಬಿಚ್ಚಿದಳು. ನಾನು ಒಂದು ತುಂಡು ಮುರಿದು ಕೈಯಲ್ಲೇ ಹಿಡಿದುಕೊಂಡೆ. ಫೋನಿಗೆ ಸಿಗ್ನಲ್ ಇಲ್ಲ. ಮೇಲೆ ಒಂದು ಕಲ್ಲು ಉರುಳಿದರೆ ಏಳುತ್ತಿದ್ದೆ, ಮಂಗ ಕೂಗಿದರೆ ಏಳುತ್ತಿದ್ದೆ. ಬೇನ್ ತನ್ನ ಸೊಸೆಯ ಕತೆ ಹೇಳುತ್ತಲೇ ಇದ್ದಳು, ನಾನು ಹೂಂಗುಡುತ್ತಲೇ ಇದ್ದೆ. ಒಂದಕ್ಷರ ನೆನಪಿಲ್ಲ.

ಬಿಸಿಲು ವಾಲಿದ ಮೇಲೆ ಅವರೆಲ್ಲ ಮಾತಾಡುತ್ತ ಇಳಿದು ಬಂದರು. ಮನೆಯವರ ಅಂಗಿಯ ತೋಳು ಮುಳ್ಳಿಗೆ ಸಿಕ್ಕಿ ಹರಿದಿತ್ತು. ಮೇಲಿನಿಂದ ಮಧ್ಯಪ್ರದೇಶದ ಗುಡ್ಡಗಳೂ ಕಾಣುತ್ತವೆ ಎಂದರು, ಅಂಥ ಗಾಳಿ ಎಲ್ಲೂ ಇಲ್ಲವೆಂದರು. ಹುಡುಗರಂತೆ ಮುಖ ಕೆಂಪಾಗಿತ್ತು. ನನಗೆ ಸಮಾಧಾನವಾಯಿತು, ಹೊಟ್ಟೆಕಿಚ್ಚೂ ಆಯಿತು.

ಮಳೆಗಾಲದಲ್ಲಿ ಡಾಂಗ್ ಕಾಡಿಗೂ ಹೋದೆವು. ಈ ಸಲ "ಬರ್ತೀಯೇನು?" ಎಂದು ಅವರೇ ಕೇಳಿದ್ದರು. ನಾನು ಹೆಂಗಸರ ಜೊತೆ ಮುಂದೆ ನಡೆದೆ. ತಿರುಗಿ ನೋಡಬಾರದು ಎಂದುಕೊಳ್ಳುತ್ತ, ದಾರಿಯುದ್ದಕ್ಕೂ ತಿರುಗಿ ನೋಡುತ್ತಲೇ ಇದ್ದೆ.